ನಡುಗುವವರ ನಾಡಿನಲ್ಲಿ

ಇಂಗ್ಲೆಂಡಿಗೆ ಹೋಗಿ ಬಂದವರು ಸಾಮಾನ್ಯವಾಗಿ ಬರೆಯುವುದು ಲಂಡನ್ನಿನ ಗೋಪುರ, ಮೇಣದ ಬೊಂಬೆಗಳು, ಷೇಕ್ಸ್‌ಪಿಯರನ ಮನೆ, ಇಷ್ಟನ್ನೇ. ಅವನ್ನೆಲ್ಲ ನಾವೂ ನೋಡಿದೆವು. ಅವುಗಳ ವಿಷಯದಲ್ಲಿ ಹೇಳಲು ನನ್ನ ಬಳಿ ಹೊಸದೇನೂ ಇಲ್ಲ. ಆದರೆ ಆ ದೇಶದ ವಾಯವ್ಯ ಮೂಲೆಯಲ್ಲಿ, ಅಲ್ವರ್ಸ್‌ಟನ್ ಎಂಬ ಸಣ್ಣ ಊರಿನ ಹೊರಗೆ, ಒಂದು ಹಳೆಯ ಮನೆಯಿದೆ. ಅರಮನೆಯಲ್ಲ, ಕೋಟೆಯಲ್ಲ. ಮುನ್ನೂರ ಎಪ್ಪತ್ತು ವರ್ಷಗಳ ಹಿಂದೆ ಒಬ್ಬ ಗೃಹಿಣಿ ಎಂಟು ಮಕ್ಕಳನ್ನು ಸಾಕಿಕೊಂಡು, ಆಳುಕಾಳು ನೋಡಿಕೊಂಡು ಇದ್ದ ಮನೆ. ಅದನ್ನು ನೋಡಿದ ಮೇಲೆ ಮೇಣದ ಬೊಂಬೆಗಳು ನನಗೆ ಮರೆತೇ ಹೋದವು.

ಹೋಗಲು ಕಾರಣವಾದದ್ದು ಮ್ಯಾಂಚೆಸ್ಟರಿನಲ್ಲಿ ನಮ್ಮ ಮಗಳ ಪಕ್ಕದ ಮನೆಯ ಅಜ್ಜಿ. ಆಕೆ ಕ್ವೇಕರ್ ಪಂಥದವರು. ಭಾನುವಾರ ಬೆಳಿಗ್ಗೆ ಹೋಗಿ ಒಂದು ಗಂಟೆ ಸುಮ್ಮನೆ ಕೂತು ಬರುತ್ತಾರೆ. ಪಾದ್ರಿ ಇಲ್ಲ, ಹಾಡಿಲ್ಲ, ಮೇಣದಬತ್ತಿ ಇಲ್ಲ, ಪ್ರಸಾದ ಇಲ್ಲ. ‘ಹಾಗಾದರೆ ನಿಮ್ಮ ಧರ್ಮದಲ್ಲಿ ಇರೋದಾದರೂ ಏನು ಅಜ್ಜೀ?’ ಅಂತ ನಾನು ಮಗಳ ಮೂಲಕ ಕೇಳಿಸಿದೆ. ಆಕೆ ನಕ್ಕು, ‘ನಾವು ದಿನಾ ಹೇಗೆ ಬದುಕ್ತೀವೋ ಅದೇ. ಸ್ವಾರ್ತ್‌ಮೋರ್ ಹಾಲ್ ನೋಡಿ ಬನ್ನಿ, ಗೊತ್ತಾಗುತ್ತೆ’ ಅಂದರು.

ಕ್ವೇಕರ್ ಅಂದರೆ ನಡುಗುವವನು ಎಂದರ್ಥ. ಇದು ಅವರು ಇಟ್ಟುಕೊಂಡ ಹೆಸರಲ್ಲ, ಹಂಗಿಸಿದವರು ಇಟ್ಟದ್ದು. 1650ರಲ್ಲಿ ಡಾರ್ಬಿ ಊರಿನಲ್ಲಿ ವಿಚಾರಣೆ ನಡೆದಾಗ ಜಾರ್ಜ್ ಫಾಕ್ಸ್ ಎಂಬ ಯುವಕ ನ್ಯಾಯಾಧೀಶನಿಗೇ ‘ದೇವರ ಮಾತಿಗೆ ನಡುಗು’ ಎಂದರಂತೆ. ‘ಓಹೋ, ನಡುಗುವವರೋ ನೀವು!’ ಎಂದು ಆತ ಗೇಲಿ ಮಾಡಿದ. ಆ ಹೆಸರೇ ನಿಂತಿತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಫ್ರೆಂಡ್ಸ್’ ಎಂದು, ಅಂದರೆ ಗೆಳೆಯರು. ಅಂದಹಾಗೆ, ನಮ್ಮ ಅಂಗಡಿಗಳಲ್ಲಿ ಸಿಗುವ ಓಟ್ಸ್ ಪೊಟ್ಟಣದ ಮೇಲೆ ಟೋಪಿ ಹಾಕಿದ ಮುದುಕನ ಚಿತ್ರವೂ ಈ ಹೆಸರೂ ಇರುತ್ತವಲ್ಲ, ಆ ಕಂಪನಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ. ಇವರ ಹೆಸರಿಗಿದ್ದ ಪ್ರಾಮಾಣಿಕತೆಯ ಬೆಲೆ ನೋಡಿ ಅಮೆರಿಕದ ವ್ಯಾಪಾರಿಗಳು 1877ರಲ್ಲಿ ಅದನ್ನು ತಮ್ಮ ಮುದ್ರೆ ಮಾಡಿಕೊಂಡರು. ನಿಜವಾಗಿ ಇವರು ಕಟ್ಟಿದ ಕಂಪನಿ ಕ್ಯಾಡ್‌ಬರಿ. ಅದರ ಮಾತು ಆಮೇಲೆ ಬರುತ್ತದೆ.

ಲ್ಯಾಂಕಾಸ್ಟರಿನಿಂದ ಅಲ್ವರ್ಸ್‌ಟನ್‌ಗೆ ರೈಲಿನಲ್ಲಿ ಹೆಚ್ಚೂಕಡಿಮೆ ಮುಕ್ಕಾಲು ಗಂಟೆ. ದಾರಿಯುದ್ದಕ್ಕೂ ಮೋರ್‌ಕ್ಯಾಂಬ್ ಕೊಲ್ಲಿಯ ನೀರು ಕಾಣುತ್ತಿರುತ್ತದೆ. ನೀರು ಎಂದೆನಲ್ಲ, ನಾವು ಹೋದ ಹೊತ್ತಿಗೆ ಇಳಿತ ಬಂದು ಮೈಲಿಗಟ್ಟಲೆ ಬರೀ ಹೊಳೆಯುವ ಮರಳು. ಎರಡು ಕಡೆ ರೈಲು ಉದ್ದವಾದ ತಗ್ಗು ಸೇತುವೆಗಳ ಮೇಲೆ ಆ ಮರಳನ್ನು ದಾಟುತ್ತದೆ. 1857ರಲ್ಲಿ ಈ ರೈಲು ಬರುವ ಮುಂಚೆ ಜನ ಇಳಿತದ ಹೊತ್ತು ನೋಡಿ ಕುದುರೆ, ಗಾಡಿಗಳಲ್ಲಿ ಮರಳಿನ ಮೇಲೇ ದಾಟುತ್ತಿದ್ದರು. ಹೊತ್ತು ತಪ್ಪಿದರೆ ಉಬ್ಬರ ಬಂದು ನುಂಗಿಬಿಡುತ್ತಿತ್ತು. ‘ಇಂಥಾ ಜಾಗದಲ್ಲಿ ಹೆಣ್ಣು ಕೊಡೋರು ಯೋಚನೆ ಮಾಡ್ತಿದ್ರೇನೋ’ ಎಂದರು ನಮ್ಮವರು.

ಈ ಮರಳಿನ ಮೇಲೇ 1652ರ ಬೇಸಿಗೆಯಲ್ಲಿ ನಮ್ಮ ಕತೆಯ ಮುಖ್ಯ ಘಟನೆ ನಡೆದದ್ದು. ಸ್ವಾರ್ತ್‌ಮೋರ್ ಮನೆಯ ಯಜಮಾನ ಥಾಮಸ್ ಫೆಲ್ ದೊಡ್ಡ ನ್ಯಾಯಾಧೀಶರು. ವೇಲ್ಸ್ ಕಡೆಯ ಕೋರ್ಟುಗಳ ಸುತ್ತು ಮುಗಿಸಿ ಮನೆಗೆ ಬರುತ್ತಿದ್ದರು. ಊರಿನ ಗಣ್ಯರು ಕುದುರೆ ಏರಿ ಮರಳಿನ ತನಕ ಎದುರು ಹೋಗಿ ಸುದ್ದಿ ಮುಟ್ಟಿಸಿದರು: ನಿಮ್ಮ ಮನೆಗೆ ಯಾವನೋ ಅಲೆಮಾರಿ ಬಂದು ನಿಮ್ಮ ಹೆಂಡತಿಗೆ, ಮನೆಮಂದಿಗೆಲ್ಲ ಮಾಟ ಮಾಡಿದ್ದಾನೆ, ಅವನನ್ನು ಓಡಿಸದಿದ್ದರೆ ಸಂಸಾರ ಹಾಳು.

ಮಾಟ ಎಂದರೆ ಆ ಸೀಮೆಯಲ್ಲಿ ತಮಾಷೆಯ ಮಾತಲ್ಲ. ಅದೇ ಲ್ಯಾಂಕಷೈರಿನಲ್ಲಿ 1612ರಲ್ಲಿ ಪೆಂಡಲ್ ಗುಡ್ಡದ ಸುತ್ತಿನ ಹಳ್ಳಿಗಳ ಬಡ ಹೆಂಗಸರನ್ನೂ ಇನ್ನು ಕೆಲವರನ್ನೂ ಮಾಟಗಾತಿಯರೆಂದು ಹಿಡಿದು, ಲ್ಯಾಂಕಾಸ್ಟರ್ ಕೋಟೆಯಲ್ಲಿ ವಿಚಾರಣೆ ನಡೆಸಿ, ಹತ್ತು ಮಂದಿಯನ್ನು ಗಲ್ಲಿಗೇರಿಸಿದ್ದರು. ಎಂಟು ಹೆಂಗಸರು, ಇಬ್ಬರು ಗಂಡಸರು. ಸ್ವಾರ್ತ್‌ಮೋರಿನ ಯಜಮಾನಿ ಮಾರ್ಗರೆಟ್ ಫೆಲ್ ಹುಟ್ಟಿದ್ದು ಅದಾದ ಎರಡು ವರ್ಷಕ್ಕೆ, 1614ರಲ್ಲಿ. ಗಂಡನ ಕಿವಿಗೆ ಬಿದ್ದ ಆ ಮಾತು ಎಷ್ಟು ಅಪಾಯದ್ದು ಅಂತ ಊಹಿಸಿಕೊಳ್ಳಿ.

ಆ ‘ಅಲೆಮಾರಿ’ಯೇ ಜಾರ್ಜ್ ಫಾಕ್ಸ್. ನೇಕಾರನ ಮಗ, ಚಮ್ಮಾರನ ಬಳಿ ಕಸುಬು ಕಲಿತವರು. ಹತ್ತೊಂಬತ್ತನೆಯ ವಯಸ್ಸಿಗೆ ಮನೆ ಬಿಟ್ಟು, ಮನಸ್ಸಿನ ತಳಮಳಕ್ಕೆ ಉತ್ತರ ಹುಡುಕಿಕೊಂಡು ಪಾದ್ರಿಯಿಂದ ಪಾದ್ರಿಗೆ ಅಲೆದರು. ಒಬ್ಬರಿಂದಲೂ ಸಮಾಧಾನ ಸಿಗಲಿಲ್ಲ. ಕೊನೆಗೆ ಅವರಿಗೆ ಹೊಳೆದದ್ದು, ಪ್ರತಿ ಮನುಷ್ಯನ ಒಳಗೂ ದೇವರ ಬೆಳಕಿದೆ, ಮಧ್ಯೆ ದಲ್ಲಾಳಿ ಬೇಡ ಎಂದು. 1652ರಲ್ಲಿ ಪೆಂಡಲ್ ಗುಡ್ಡ ಹತ್ತಿ ಅಲ್ಲಿಂದ ಉತ್ತರಕ್ಕೆ ಬಂದು, ಫರ್‌ಬ್ಯಾಂಕ್ ಎಂಬ ಬೋಳು ಗುಡ್ಡದ ಬಂಡೆಯ ಮೇಲಿಂದ ಸುಮಾರು ಸಾವಿರ ಜನಕ್ಕೆ ಮೂರು ಗಂಟೆ ಮಾತಾಡಿದರು. ಅಲ್ಲಿಂದ ಸ್ವಲ್ಪ ದಿನಕ್ಕೇ ಸ್ವಾರ್ತ್‌ಮೋರ್.

ಅಲ್ವರ್ಸ್‌ಟನ್ ಚರ್ಚಿನಲ್ಲಿ ಫಾಕ್ಸ್ ಎದ್ದು ಕೇಳಿದ್ದು ಒಂದೇ ಪ್ರಶ್ನೆ. ಕ್ರಿಸ್ತ ಹೀಗೆ ಹೇಳಿದ, ಶಿಷ್ಯರು ಹಾಗೆ ಹೇಳಿದರು ಅನ್ನುತ್ತೀರಿ. ಸರಿ, ನೀವು ಏನು ಹೇಳುತ್ತೀರಿ? ನಿಮ್ಮೊಳಗೆ ಕಂಡದ್ದೇನು? ಮಾರ್ಗರೆಟ್ ತಮ್ಮ ಆಸನದಲ್ಲಿ ಎದ್ದು ನಿಂತಿದ್ದವರು ಕುಸಿದು ಕೂತು ಅತ್ತರಂತೆ. ಇಷ್ಟು ದಿನ ಗ್ರಂಥದ ಮಾತುಗಳನ್ನು ಕದ್ದು ತಂದು ನಮ್ಮದು ಅಂದುಕೊಂಡಿದ್ದೆವು, ನಾವೆಲ್ಲ ಕಳ್ಳರು ಅಂತ ಆಕೆಗೆ ಅನ್ನಿಸಿತಂತೆ. ಆಗ ಅವರಿಗೆ ಮೂವತ್ತೆಂಟರ ಆಸುಪಾಸು.

ಮನೆಗೆ ಬಂದ ಗಂಡ ಸಿಟ್ಟಾಗಿದ್ದರು. ಆದರೆ ವಿಚಾರಣೆ ಮಾಡದೆ ತೀರ್ಪು ಕೊಡುವ ಜಾತಿಯವರಲ್ಲ. ಊಟ ಮಾಡಿದರು, ರಾತ್ರಿ ಫಾಕ್ಸ್ ಹೇಳಿದ್ದನ್ನು ಕೇಳಿದರು. ಕೊನೆಗೆ, ಸಭೆ ಸೇರಲು ಜಾಗವಿಲ್ಲದಿದ್ದರೆ ಈ ಮನೆಯಲ್ಲೇ ಸೇರಿ ಎಂದುಬಿಟ್ಟರು. ತಾವು ಮಾತ್ರ ಆ ಪಂಥ ಸೇರಲಿಲ್ಲ. ದೊಡ್ಡ ಹಾಲಿನಲ್ಲಿ ಸಭೆ ನಡೆಯುವಾಗ ಪಕ್ಕದ ತಮ್ಮ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟುಕೊಂಡು, ಕುರ್ಚಿಯಲ್ಲಿ ಕೂತಿರುತ್ತಿದ್ದರು. 1658ರಲ್ಲಿ ತೀರಿಕೊಳ್ಳುವ ತನಕವೂ ಹಾಗೆಯೇ. ಆ ಹಾಲನ್ನೂ ಕೋಣೆಯನ್ನೂ ನಾವು ನೋಡಿದೆವು. ಕಪ್ಪು ಮರದ ಹಲಗೆಯ ಗೋಡೆ, ಕಲ್ಲು ಹಾಸಿದ ನೆಲ, ಸಣ್ಣ ಸಣ್ಣ ಗಾಜಿನ ಕಿಟಕಿ. ಆ ಎರಡು ಕೋಣೆಗಳ ನಡುವಿನ ಬಾಗಿಲಿನ ಹತ್ತಿರ ನಾನು ತುಂಬ ಹೊತ್ತು ನಿಂತೆ. ಹೆಂಡತಿಯ ದಾರಿ ತನ್ನ ದಾರಿಯಲ್ಲದಿದ್ದರೂ ಬಾಗಿಲು ಮುಚ್ಚದ ಗಂಡ ಎಲ್ಲ ಕಾಲದಲ್ಲೂ ಅಪರೂಪವೇ ಅಲ್ಲವೇ?

ಇನ್ನು ಇವರ ‘ಸಾಕ್ಷಿ’ಗಳ ಮಾತು. ಕ್ವೇಕರರಲ್ಲಿ ಎಲ್ಲರೂ ಬಾಯಿಪಾಠ ಒಪ್ಪಿಸಬೇಕಾದ ನಂಬಿಕೆಯ ಪಟ್ಟಿ ಇಲ್ಲ. ಅದರ ಬದಲು ಇರುವುದು ಟೆಸ್ಟಿಮನಿ, ಅಂದರೆ ಸಾಕ್ಷಿ. ಕೋರ್ಟಿನಲ್ಲಿ ಸಾಕ್ಷಿ ಬಾಯಲ್ಲಿ ಹೇಳುತ್ತಾನೆ. ಇವರು ಬಾಳಿ ತೋರಿಸಬೇಕು. ಎಲ್ಲರೊಳಗೂ ಅದೇ ಬೆಳಕಿದೆ ಎಂದು ಒಮ್ಮೆ ಒಪ್ಪಿಕೊಂಡರೆ ಆಯಿತು, ಮಿಕ್ಕಿದ್ದು ತಾನಾಗಿಯೇ ಒಂದರ ಹಿಂದೆ ಒಂದು ಬರುತ್ತದೆ. ಬೆಳಕಿರುವ ಮನುಷ್ಯನನ್ನು ಕೊಲ್ಲುವುದು ಹೇಗೆ? ಒಬ್ಬನಿಗೆ ನಡು ಬಗ್ಗಿಸಿ ಇನ್ನೊಬ್ಬನನ್ನು ಹೀಗಳೆಯುವುದು ಹೇಗೆ? ಹೆಂಗಸಿನೊಳಗಿನ ಬೆಳಕು ಮಾತಾಡಬಾರದು ಎನ್ನುವುದು ಹೇಗೆ? ನಡೆ ನುಡಿ ಒಂದಾಗಬೇಕು ಎಂಬ ಮಾತು ನಮಗೆ ಹೊಸದಲ್ಲ. ಆದರೆ ಅದನ್ನು ಟೋಪಿಯಲ್ಲಿ, ತಕ್ಕಡಿಯಲ್ಲಿ, ಸಕ್ಕರೆ ಡಬ್ಬಿಯಲ್ಲಿ ಇವರು ತೋರಿಸಿದ ರೀತಿ ನನಗೆ ಹೊಸದು.

ಮೊದಲು ಮಾತಿನ ವಿಷಯ. ಆ ಕಾಲದ ಇಂಗ್ಲಿಷಿನಲ್ಲಿ ನಮ್ಮ ಹಾಗೆಯೇ ನೀನು, ನೀವು ಎಂಬ ಎರಡು ರೂಪ ಇದ್ದವು. ದೊಡ್ಡವರಿಗೆ ನೀವು, ಆಳಿಗೆ ನೀನು. ಕ್ವೇಕರರು ಎಲ್ಲರಿಗೂ ‘ನೀನು’ ಅನ್ನತೊಡಗಿದರು, ಜಮೀನ್ದಾರನಿಗೂ, ನ್ಯಾಯಾಧೀಶನಿಗೂ. ಈಗಿನ ಇಂಗ್ಲಿಷರಿಗೆ ಇದರ ಬಿಸಿ ಅರ್ಥವಾಗುವುದು ಕಷ್ಟ, ನಮಗೆ ತಟ್ಟನೆ ಆಗುತ್ತದೆ. ನಮ್ಮ ಹಳ್ಳಿಯ ಹುಡುಗನೊಬ್ಬ ತಾಲ್ಲೂಕು ಕಚೇರಿಯಲ್ಲಿ ಸಾಹೇಬರಿಗೆ ‘ನೀನು’ ಅಂದರೆ ಏನಾದೀತು? ಅದೇ ಆಯಿತು, ಒದೆ ಬಿತ್ತು. ಟೋಪಿಯೂ ಹಾಗೆಯೇ. ದೊಡ್ಡವರ ಮುಂದೆ ಟೋಪಿ ತೆಗೆಯಬೇಕು. ಇವರು ತೆಗೆದದ್ದು ಪ್ರಾರ್ಥನೆಯಲ್ಲಿ ದೇವರ ಮುಂದೆ ಮಾತ್ರ. ದಂಡ ಬಿತ್ತು, ಜೈಲಾಯಿತು. (ನನಗೆ ಕೇಳಿದರೆ, ಎಲ್ಲರಿಗೂ ‘ನೀವು’ ಅಂದಿದ್ದರೂ ಸಮಾನತೆ ಬರುತ್ತಿತ್ತು. ಆದರೆ ಏರಿಸಿ ಸಮ ಮಾಡುವುದಕ್ಕಿಂತ ಇಳಿಸಿ ಸಮ ಮಾಡುವುದಕ್ಕೆ ಹೆಚ್ಚು ಧೈರ್ಯ ಬೇಕು, ಅದು ನಿಜ.)

ಎಲ್ಲಕ್ಕಿಂತ ದುಬಾರಿಯಾದದ್ದು ಆಣೆಯ ವಿಷಯ. ಏಸು ಆಣೆ ಇಡಬೇಡಿ ಎಂದಿದ್ದಾನೆ, ಆದ್ದರಿಂದ ಇಡುವುದಿಲ್ಲ ಎಂದರು. ಅದರ ಹಿಂದೆ ಇನ್ನೊಂದು ಯೋಚನೆಯಿತ್ತು. ನಮ್ಮ ಮಕ್ಕಳು ‘ದೇವರಾಣೆ’, ‘ಅಮ್ಮನಾಣೆ’ ಅನ್ನುತ್ತಾರಲ್ಲ, ಆಣೆ ಇಟ್ಟಾಗ ಮಾತ್ರ ನಿಜ ಎಂದಾದರೆ ಇಡದಾಗ ಹೇಳುವುದೇನು? ಸತ್ಯಕ್ಕೆ ಎರಡು ಅಳತೆ ಇರಬಾರದು ಎಂಬುದು ಅವರ ವಾದ. ದೊರೆ ಎರಡನೆಯ ಚಾರ್ಲ್ಸನ ಅಧಿಕಾರಿಗಳಿಗೆ ಇದು ಒಳ್ಳೆ ಬಲೆಯಾಯಿತು. ಬೇರೆ ಯಾವ ಅಪರಾಧ ಸಿಗದಿದ್ದರೂ ‘ದೊರೆಗೆ ನಿಷ್ಠನೆಂದು ಆಣೆ ಮಾಡು’ ಅಂದರೆ ಸಾಕು, ಕ್ವೇಕರ್ ಸಿಕ್ಕಿಬೀಳುತ್ತಿದ್ದ.

ಮಾರ್ಗರೆಟ್ ಸಿಕ್ಕಿದ್ದೂ ಹಾಗೆ. 1664ರಲ್ಲಿ ಲ್ಯಾಂಕಾಸ್ಟರಿನ ಕೋರ್ಟಿನಲ್ಲಿ, ಮನೆಯಲ್ಲಿ ಸಭೆ ನಡೆಸುವುದಿಲ್ಲ ಎಂದು ಒಪ್ಪಿಕೊಂಡರೆ ಆಣೆಯ ಒತ್ತಾಯ ಬಿಡುತ್ತೇವೆ ಎಂಬ ಮಾತು ಬಂತು. ಆಕೆ ಎರಡಕ್ಕೂ ಒಪ್ಪಲಿಲ್ಲ. ಶಿಕ್ಷೆ: ಆಸ್ತಿಯೆಲ್ಲ ದೊರೆಗೆ ಮುಟ್ಟುಗೋಲು, ಜೀವಾವಧಿ ಸೆರೆ, ಇನ್ನು ದೊರೆಯ ರಕ್ಷಣೆ ಇಲ್ಲ. ದೊರೆಯ ರಕ್ಷಣೆ ಹೋದರೂ ದೇವರ ರಕ್ಷಣೆ ಹೋಗಿಲ್ಲವಲ್ಲ ಎಂದು ಆಕೆ ಕೋರ್ಟಿನಲ್ಲೇ ಉತ್ತರ ಕೊಟ್ಟರಂತೆ. ಪೆಂಡಲ್ ಹೆಂಗಸರನ್ನು ಇಟ್ಟಿದ್ದ ಅದೇ ಕೋಟೆಯಲ್ಲಿ ನಾಲ್ಕು ವರ್ಷ ಇದ್ದರು. ಆ ಕೋಟೆ 2011ರ ತನಕವೂ ಜೈಲಾಗಿಯೇ ಇತ್ತು ಎಂದರೆ ನಂಬುತ್ತೀರಾ?

ಇದರಲ್ಲಿ ನನ್ನ ಹೊಟ್ಟೆ ಚುರುಕ್ಕೆಂದದ್ದು ಇನ್ನೊಂದು ವಿಷಯಕ್ಕೆ. ಏಳು ಹೆಣ್ಣುಮಕ್ಕಳೂ ತಾಯಿಯ ಪಕ್ಕ ನಿಂತರು. ಒಬ್ಬನೇ ಮಗ ನಿಲ್ಲಲಿಲ್ಲ. ತಾಯಿಯ ಹುಚ್ಚಿನಿಂದ ಮನೆತನ ಮುಳುಗಿತು ಎಂದು ಅವನ ದೂರು. ಮುಟ್ಟುಗೋಲಾದ ಆಸ್ತಿಯನ್ನು ತನಗೆ ಕೊಡಿ ಎಂದು ದೊರೆಗೆ ಅರ್ಜಿ ಹಾಕಿದ, 1665ರಲ್ಲಿ ದೊರೆ ಕೊಟ್ಟೂಬಿಟ್ಟ. ತಾಯಿ ಜೈಲಿನಲ್ಲಿ, ಆಸ್ತಿ ಮಗನ ಹೆಸರಲ್ಲಿ. ಮಗನನ್ನೇ ಪೂರ್ತಿ ಬೈಯಲೂ ನನಗೆ ಮನಸ್ಸಾಗಲಿಲ್ಲ. ಆಸ್ತಿ ಪರರ ಪಾಲಾಗುವುದಕ್ಕಿಂತ ಮನೆಯಲ್ಲೇ ಉಳಿಯಲಿ ಅಂದುಕೊಂಡಿದ್ದನೋ ಏನೋ. ಆದರೆ ಆ ತಾಯಿಯ ರಾತ್ರಿಗಳು ಹೇಗೆ ಕಳೆದವು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ.

ಜೈಲಿನಲ್ಲಿ ಆಕೆ ಸುಮ್ಮನೆ ಕೂರಲಿಲ್ಲ. ಹೆಂಗಸರು ದೇವರ ಸಭೆಯಲ್ಲಿ ಮಾತಾಡುವುದಕ್ಕೆ ಬೈಬಲ್ಲಿನಿಂದಲೇ ಆಧಾರ ತೆಗೆದು ತೋರಿಸುವ ಪುಟ್ಟ ಪುಸ್ತಕ ಬರೆದರು. 1666ರಲ್ಲಿ ಅದು ಅಚ್ಚಾಯಿತು. ಹೆಂಗಸರು ಬಾಯಿ ಮುಚ್ಚಿಕೊಂಡಿರಲಿ ಎಂದು ಪಾದ್ರಿಗಳು ಎತ್ತಿ ಹೇಳುತ್ತಿದ್ದ ಸಾಲಿಗೆ, ಏಸು ಮತ್ತೆ ಎದ್ದು ಬಂದ ಸುದ್ದಿಯನ್ನು ಮೊದಲು ಹೊತ್ತು ತಂದವರು ಹೆಂಗಸರಲ್ಲವೇ ಎಂಬುದು ಆಕೆಯ ಜವಾಬು. ಅದಕ್ಕೂ ಮುಂಚೆ 1660ರಲ್ಲೇ, ಆಯುಧ ಹಿಡಿಯುವವರು ನಾವಲ್ಲ ಎಂಬ ಹೇಳಿಕೆಯನ್ನು ಲಂಡನ್ನಿಗೆ ಹೋಗಿ ದೊರೆಯ ಕೈಗೇ ಕೊಟ್ಟು ಬಂದವರು ಈಕೆ. ಮುಂದಿನ ವರ್ಷದ ಆರಂಭದಲ್ಲಿ ಫಾಕ್ಸ್ ಮತ್ತಿತರ ಗಂಡಸರು ಸಹಿ ಮಾಡಿ ಕೊಟ್ಟ ಶಾಂತಿ ಘೋಷಣೆಯೇ ಹೆಚ್ಚು ಹೆಸರಾಯಿತು. ಇದು ನಮಗೇನೂ ಆಶ್ಚರ್ಯವಲ್ಲ ಬಿಡಿ.

1668ರಲ್ಲಿ ಬಿಡುಗಡೆ. ಮರುವರ್ಷ ಬ್ರಿಸ್ಟಲ್ ಊರಿನಲ್ಲಿ ಆಕೆ ಜಾರ್ಜ್ ಫಾಕ್ಸರನ್ನು ಮದುವೆಯಾದರು. ಆಕೆಗೆ ಐವತ್ತೈದು, ಅವರಿಗೆ ನಲವತ್ತೈದು. ಮದುವೆಗೆ ಮುಂಚೆ ಫಾಕ್ಸ್ ಹೆಣ್ಣುಮಕ್ಕಳನ್ನೆಲ್ಲ ಕರೆದು ಒಪ್ಪಿಗೆ ಕೇಳಿದರು, ಮಾರ್ಗರೆಟ್ಟರ ಆಸ್ತಿಯಲ್ಲಿ ತನಗೆ ಏನೂ ಬೇಡ ಎಂದು ಮಾತು ಕೊಟ್ಟರು. ಮದುವೆಯಾದ ಕ್ಷಣ ಹೆಂಡತಿಯ ಸೊತ್ತು ಗಂಡನದಾಗುತ್ತಿದ್ದ ಕಾಲ ಅದು. ಕ್ವೇಕರ್ ಮದುವೆಯಲ್ಲಿ ಇಂದಿಗೂ ಪಾದ್ರಿ ಇರುವುದಿಲ್ಲ. ಮೌನದ ಸಭೆಯಲ್ಲಿ ಇಬ್ಬರೂ ಎದ್ದು ಒಬ್ಬರಿಗೊಬ್ಬರು ಒಂದೇ ಮಾತು ಕೊಡುತ್ತಾರೆ. ಆಮೇಲೆ ಬಂದವರೆಲ್ಲ, ಮಕ್ಕಳು ಸಹಿತ, ಪತ್ರಕ್ಕೆ ಸಹಿ ಹಾಕುತ್ತಾರೆ.

ಈ ಮನೆಯ ಇನ್ನೊಂದು ಆಸ್ತಿ ಒಂದು ಜಮಾಖರ್ಚಿನ ಪುಸ್ತಕ. ಮಗಳು ಸಾರಾ 1673ರಿಂದ 1678ರ ತನಕ ಬರೆದದ್ದು, 1920ರಲ್ಲಿ ಅಚ್ಚಾಗಿದೆ. ಸಾಮಾನು ತಂದದ್ದು, ಕೂಲಿ ಕೊಟ್ಟದ್ದು, ತಂಗಿಯರ ಲೆಕ್ಕ, ಹೆಂಗಸರ ಸಭೆಯಿಂದ ಬಡವರಿಗೆ ಕೊಟ್ಟದ್ದು, ಎಲ್ಲ ಪೈಸೆ ಪೈಸೆಗೆ ಇದೆ. 1670ರ ದಶಕದಲ್ಲೇ ಹೆಂಗಸರು ತಮ್ಮದೇ ಸಭೆ ಸೇರಿ, ತಮ್ಮದೇ ಹಣ ಇಟ್ಟುಕೊಂಡು, ಜೈಲಿನಲ್ಲಿದ್ದವರ ಸಂಸಾರಗಳನ್ನು ನೋಡಿಕೊಳ್ಳುತ್ತಿದ್ದರು. ಅಷ್ಟಿದ್ದರೂ ಲಂಡನ್ನಿನ ವಾರ್ಷಿಕ ಸಭೆಯಲ್ಲಿ ಹೆಂಗಸರ ಸಭೆಗೆ ಸರಿಯಾದ ಮನ್ನಣೆ ಸಿಕ್ಕಿದ್ದು 1784ರಲ್ಲಿ. ಬೆಳಕು ಎಲ್ಲರಲ್ಲೂ ಇದೆ ಎಂದವರಿಗೂ ಅದು ಕಾಣಲು ಇಷ್ಟು ವರ್ಷ ಬೇಕಾಯಿತು ನೋಡಿ.

ಆಣೆಯ ಕತೆ ಮಾತ್ರ ನಮ್ಮ ದೇಶದ ತನಕ ಬಂದಿದೆ. ಪಟ್ಟು ಬಿಡದ ಇವರಿಗಾಗಿ ಇಂಗ್ಲೆಂಡಿನ ಪಾರ್ಲಿಮೆಂಟು 1696ರ ಹೊತ್ತಿಗೆ, ಆಣೆಯ ಬದಲು ‘ದೃಢವಾಗಿ ಹೇಳುತ್ತೇನೆ’ ಎಂದರೆ ಸಾಕು ಎಂದು ಕಾನೂನು ಮಾಡಿತು. ಆ ಪದ್ಧತಿಯೇ ಇಂಗ್ಲಿಷ್ ಕಾನೂನಿನ ಜೊತೆ ಇಲ್ಲಿಗೂ ಬಂತು. ನಮ್ಮ ಮಂತ್ರಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು ಎಂದು ಎರಡು ದಾರಿ ಇದೆಯಲ್ಲ, ಅದರಲ್ಲಿ ಎರಡನೆಯದಕ್ಕೆ ಇವರ ಜೈಲುವಾಸದ ಋಣ ಇದೆ.

ಸ್ವಾರ್ತ್‌ಮೋರಿನಿಂದ ಮರುದಿನ ಕೆಂಡಲ್ ಊರಿಗೆ ಹೋದೆವು. ಕಸೂತಿ ಪ್ರಿಯರಾದ ಸೋದರಿಯರಿಗೆ ಇಲ್ಲಿಯದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1816ರ ಹಳೆಯ ಸಭಾಮಂದಿರದಲ್ಲಿ ಕ್ವೇಕರ್ ಚಿತ್ರಪಟಗಳ ಸಂಗ್ರಹ ಇದೆ. ಒಟ್ಟು 77 ಪಟ, ಒಂದೊಂದೂ 25 ಇಂಚು ಉದ್ದ, 21 ಇಂಚು ಅಗಲ. 1981ರಲ್ಲಿ ಟಾಂಟನ್ ಊರಿನ ಮಕ್ಕಳ ತರಗತಿಯಲ್ಲಿ ಹುಡುಗನೊಬ್ಬನ ಮಾತಿನಿಂದ ಹೊಳೆದ ಯೋಚನೆಯನ್ನು ಆನ್ ವಿನ್-ವಿಲ್ಸನ್ ಎಂಬಾಕೆ ಕೈಗೆತ್ತಿಕೊಂಡರು. ಹದಿನೈದು ವರ್ಷ ಹಿಡಿಯಿತು. 15 ದೇಶಗಳ ನಾಲ್ಕು ಸಾವಿರಕ್ಕೂ ಹೆಚ್ಚು ಜನ, ಹೆಂಗಸರು, ಗಂಡಸರು, ಮಕ್ಕಳು, ಸೂಜಿ ಹಿಡಿದರು. ಇದಕ್ಕೆಂದೇ ನೇಯಿಸಿದ ಉಣ್ಣೆ ಬಟ್ಟೆಯ ಮೇಲೆ ಉಣ್ಣೆ ದಾರದ ಕೆಲಸ. ಸರಪಳಿ ಹೊಲಿಗೆ, ಸ್ಟೆಮ್ ಸ್ಟಿಚ್, ಗಂಟು ಹೊಲಿಗೆ ಎಲ್ಲ ಇವೆ. ಅಕ್ಷರಗಳನ್ನು ಚೂಪಾಗಿ ತಿರುಗಿಸಲು ಸರಿಯಾದ ಹೊಲಿಗೆ ಸಿಗದೆ ಆಕೆ ಹೊಸದೊಂದನ್ನೇ ಕಂಡುಹಿಡಿದರು, ಅದಕ್ಕೆ ಕ್ವೇಕರ್ ಸ್ಟಿಚ್ ಎಂದೇ ಹೆಸರು. ಎಷ್ಟೋ ಪಟಗಳ ಕೆಳಅಂಚಿನಲ್ಲಿ ಮಕ್ಕಳು ಬರೆದ ಚಿತ್ರಗಳನ್ನು ಇದ್ದ ಹಾಗೇ, ಸೊಟ್ಟ ಕೈಕಾಲುಗಳ ಸಮೇತ, ಹೊಲಿದಿದ್ದಾರೆ. ನಮ್ಮ ಧಾರವಾಡದ ಕಸೂತಿಯ ಹಾಗೆ ಎಳೆ ಎಣಿಸಿ, ಹಿಂದೂ ಮುಂದೂ ಒಂದೇ ಎಂಬಷ್ಟು ಅಚ್ಚುಕಟ್ಟು ಇದಲ್ಲ. ಬೇರೆ ಬೇರೆ ಕೈಗಳ ಗುರುತು ಕಾಣುತ್ತದೆ, ಅದೇ ಚೆನ್ನ.

ಜೈಲಿನ ಹೆಂಗಸರ ನಡುವೆ ಕೂತ ಎಲಿಜಬೆತ್ ಫ್ರೈ ಅವರ ಪಟದ ಮುಂದೆ ಜನ ಹೆಚ್ಚು. ಈಕೆ ಹುಡುಗಿಯಾಗಿದ್ದಾಗ ಕೆಂಪು ದಾರದ ನೇರಳೆ ಬೂಟು ಹಾಕಿಕೊಂಡು ಸಭೆಗೆ ಬಂದವರು, ಹನ್ನೊಂದು ಮಕ್ಕಳ ತಾಯಿ. 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿನೊಳಗೆ ಹೋಗಿ ಹೆಂಗಸರ, ಹಸುಗೂಸುಗಳ ಸ್ಥಿತಿ ಕಂಡು, ಮುಂದೆ ಅಲ್ಲಿ ಶಾಲೆ ತೆರೆದು, ಹೊಲಿಗೆ ಹಚ್ಚಿಸಿದರು. ಗಡೀಪಾರಾಗಿ ಹಡಗು ಹತ್ತುವ ಹೆಂಗಸರಿಗೆ ಅವರ ಸಂಘ ಸೂಜಿ, ದಾರ, ತುಂಡುಬಟ್ಟೆಗಳ ಗಂಟು ಕೊಡುತ್ತಿತ್ತು. 1841ರಲ್ಲಿ ‘ರಾಜಾ’ ಎಂಬ ಹಡಗಿನಲ್ಲಿ ಹೋಬಾರ್ಟಿಗೆ ಹೋದ ಸುಮಾರು 180 ಕೈದಿಗಳ ಪೈಕಿ ಕೆಲವರು ದಾರಿಯಲ್ಲೇ 2,815 ತುಂಡುಗಳನ್ನು ಜೋಡಿಸಿ ಒಂದು ದೊಡ್ಡ ಕೌದಿ ಹೊಲಿದರು. ಅದು ಈಗ ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಸಂಗ್ರಹದಲ್ಲಿದೆ.

ಕೆಂಡಲ್ ಪುದಿನ ಮಿಠಾಯಿಗೂ ಹೆಸರುವಾಸಿ. ಸಕ್ಕರೆ, ಗ್ಲೂಕೋಸು, ನೀರು, ಪೆಪ್ಪರ್‌ಮಿಂಟ್ ಎಣ್ಣೆ, ಅಷ್ಟೇ. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ತಂಗಿ ಎನ್ನಿ. 1953ರಲ್ಲಿ ಎವರೆಸ್ಟ್ ತುದಿಯಲ್ಲಿ ತೇನ್‌ಸಿಂಗ್, ಹಿಲರಿ ಇದನ್ನೇ ತಿಂದರಂತೆ. ಅದನ್ನು ಬಾಯಲ್ಲಿ ಹಾಕಿಕೊಂಡು ಪಟ ನೋಡುತ್ತಿದ್ದಾಗಲೇ ಸಕ್ಕರೆಯ ಕತೆ ಎದುರಾಯಿತು. ವೆಸ್ಟ್ ಇಂಡೀಸಿನ ಸಕ್ಕರೆ ಗುಲಾಮರ ಬೆವರಿನದು. 1791ರ ನಂತರ ಇಂಗ್ಲೆಂಡಿನ ಸಾವಿರಾರು ಮನೆಗಳಲ್ಲಿ, ಕ್ವೇಕರರಲ್ಲಿ ಮಾತ್ರವಲ್ಲ, ಹೆಂಗಸರು ಆ ಸಕ್ಕರೆಯನ್ನು ಮನೆಗೆ ತರುವುದೇ ನಿಲ್ಲಿಸಿದರು. ಓಟಿಲ್ಲದವರ ಕೈಯಲ್ಲಿದ್ದದ್ದು ಅಡುಗೆಮನೆ ಒಂದೇ. ಆಮೇಲಾಮೇಲೆ, ಇದು ಗುಲಾಮರು ಮಾಡಿದ್ದಲ್ಲ, ಇಂಡಿಯಾದ ಸಕ್ಕರೆ ಎಂದು ಬರೆದ ಬಟ್ಟಲುಗಳೇ ಬಂದವು.

ಹಾಗೆಂದು ಇವರೆಲ್ಲ ಹುಟ್ಟಾ ಪುಣ್ಯವಂತರು ಅಂದುಕೊಳ್ಳಬೇಡಿ. ಅಮೆರಿಕಕ್ಕೆ ಹೋದ ಕ್ವೇಕರರಲ್ಲಿ ಎಷ್ಟೋ ಮಂದಿ ಗುಲಾಮರನ್ನು ಇಟ್ಟುಕೊಂಡಿದ್ದರು. ಇದು ತಪ್ಪು ಎಂದು ಜರ್ಮನ್‌ಟೌನ್ ಎಂಬಲ್ಲಿ ನಾಲ್ವರು 1688ರಲ್ಲೇ ಬರೆದು ಕೊಟ್ಟರು, ಆ ಕಾಗದ ಬದಿಗೆ ಸರಿಯಿತು. ಜಾನ್ ವುಲ್ಮನ್ ಎಂಬ ದರ್ಜಿ ಇಡೀ ಬದುಕು ಮನೆಮನೆಗೆ ನಡೆದು ಹೋಗಿ, ಬೈಯದೆ, ಬೇಡಿಕೊಂಡರು. ಗುಲಾಮರನ್ನು ಇಟ್ಟುಕೊಂಡವನು ನಮ್ಮವನಲ್ಲ ಎಂದು ಫಿಲಡೆಲ್ಫಿಯಾದ ಸಭೆ ತೀರ್ಮಾನಿಸಿದ್ದು 1776ರಲ್ಲಿ, ಅಂದರೆ 88 ವರ್ಷ ಬೇಕಾಯಿತು. ವುಲ್ಮನ್ ಅಷ್ಟು ಹೊತ್ತಿಗೆ ಇಂಗ್ಲೆಂಡಿಗೆ ಬಂದು, ಕುದುರೆಗಳನ್ನೂ ಹುಡುಗರನ್ನೂ ಹಿಂಸಿಸುತ್ತಾರೆ ಅಂತ ಗಾಡಿ ಹತ್ತದೆ ನಡೆದೇ ಯಾರ್ಕ್ ತಲುಪಿ, 1772ರಲ್ಲಿ ಸಿಡುಬಿನಿಂದ ತೀರಿಹೋಗಿದ್ದರು.

ವ್ಯಾಪಾರದಲ್ಲೂ ಹೀಗೇ ಸಿಹಿ ಕಹಿ ಎರಡೂ. ಒಂದೇ ಬೆಲೆ, ಚೌಕಾಸಿ ಇಲ್ಲ ಎಂದು ಇವರು ಶುರು ಮಾಡಿದಾಗ ಗಿರಾಕಿಗಳು ಮುಖ ತಿರುಗಿಸಿದರು. ಮಗುವನ್ನು ಕಳಿಸಿದರೂ ಮೋಸವಾಗುವುದಿಲ್ಲ ಎಂದು ಗೊತ್ತಾದ ಮೇಲೆ ಇವರ ಅಂಗಡಿಯನ್ನೇ ಹುಡುಕಿಕೊಂಡು ಬಂದರು. ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದರಿಂದ ಬುದ್ಧಿವಂತ ಹುಡುಗರೆಲ್ಲ ವ್ಯಾಪಾರಕ್ಕೇ ಇಳಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಕ್ಯಾಡ್‌ಬರಿ 1824ರಲ್ಲಿ ಅಂಗಡಿ ತೆರೆದರು. ಹೆಂಡದ ಬದಲು ಜನ ಕೋಕೋ ಕುಡಿಯಲಿ ಎಂಬ ಆಸೆಯೂ ಅವರಿಗಿತ್ತು. ಮಕ್ಕಳ ಕಾಲದಲ್ಲಿ ಕೆಲಸಗಾರರಿಗೆ ತೋಟವಿರುವ ಮನೆಗಳ ಊರನ್ನೇ ಕಟ್ಟಿದರು. ಅದೇ ಕಂಪನಿ ಕೊಳ್ಳುತ್ತಿದ್ದ ಕೋಕೋ ಬೀಜ ಸಾವೊ ಟೋಮೆ ದ್ವೀಪದ ಗುಲಾಮಗಿರಿಯದು ಎಂಬ ಸುದ್ದಿ 1901ರಲ್ಲಿ ಬಂದರೂ, ಕೊಳ್ಳುವುದು ನಿಂತದ್ದು 1909ರಲ್ಲಿ. ಈಗ ಆ ಕಂಪನಿ ಬೇರೆಯವರದು.

ಮಗಳು ಕೆಂಡಲಿನ ಪುಸ್ತಕದ ಮೇಜಿನಲ್ಲಿ ಒಂದು ಇಂಗ್ಲಿಷ್ ಪದ ತೋರಿಸಿ ನಕ್ಕಳು. ಸರಳತೆ, ಶಾಂತಿ, ಪ್ರಾಮಾಣಿಕತೆ, ಸಮುದಾಯ, ಸಮಾನತೆ, ಭೂಮಿಯ ಕಾಳಜಿ, ಈ ಆರು ಸಾಕ್ಷಿಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿದರೆ ‘ಸ್ಪೈಸಸ್’ ಆಗುತ್ತದೆ, ಅಂದರೆ ಮಸಾಲೆ ಸಾಮಾನು! ನೆನಪಿಡಲು ಅನುಕೂಲವೇ. ಆದರೆ ಈ ರೀತಿ ಗುಂಪು ಮಾಡಿ ಹೆಸರಿಡುವುದು ಇಪ್ಪತ್ತನೆಯ ಶತಮಾನದ್ದು. ಮಾರ್ಗರೆಟ್ಟರ ಹತ್ತಿರ ಪಟ್ಟಿ ಇರಲಿಲ್ಲ, ಕೋರ್ಟಿನ ಸಮನ್ಸ್ ಇತ್ತು. ಪಟ್ಟಿ ಬಂದ ಮೇಲೆ ಏನಾಗುತ್ತದೆ ಎಂಬ ಭಯವನ್ನೂ ಆಕೆ ಬರೆದಿಟ್ಟಿದ್ದಾರೆ. ಸರಳ ಉಡುಪು ಎಂಬುದು ಕ್ರಮೇಣ ಎಲ್ಲರೂ ಒಂದೇ ಬಣ್ಣ, ಒಂದೇ ಕತ್ತರಿ ಎಂಬ ಕಟ್ಟಳೆಯಾಗತೊಡಗಿತ್ತು. 1700ರಲ್ಲಿ, ಎಂಬತ್ತಾರರ ಹಣ್ಣುಮುದುಕಿ, ಇದು ಪೆದ್ದು ಬೋಧನೆ, ಬಟ್ಟೆಯ ಬಣ್ಣದಲ್ಲಿ ದೇವರಿಲ್ಲ ಎಂಬರ್ಥದ ಖಾರವಾದ ಕಾಗದ ಬರೆದರು. ಯಾರೂ ಕೇಳಲಿಲ್ಲ. ಬೂದು ಬಟ್ಟೆ, ಬಿಳಿ ಟೋಪಿ ಇನ್ನೂ ನೂರೈವತ್ತು ವರ್ಷ ನಡೆಯಿತು. ನಮ್ಮ ಮಗಳ ನೆರೆಮನೆಯ ಅಜ್ಜಿ ಮಾತ್ರ ದಾಸವಾಳದಷ್ಟು ಕೆಂಪು ಸ್ವೆಟರು ಹಾಕುತ್ತಾರೆ.

ಭಾನುವಾರ ಸೆಡ್‌ಬರ್ ಹತ್ತಿರದ ಬ್ರಿಗ್‌ಫ್ಲಾಟ್ಸ್ ಎಂಬಲ್ಲಿ ಅವರ ಮೌನಸಭೆಗೆ ಕೂತೆವು. 1675ರಲ್ಲಿ ಕಟ್ಟಿದ ಸುಣ್ಣದ ಗೋಡೆಯ ಮನೆ, ಓಕ್ ಮರದ ಬೆಂಚುಗಳು. ಮೆಟ್ಟಿಲ ಬುಡದಲ್ಲಿ ಒಂದು ಪುಟ್ಟ ಕಟಕಟೆಯಿದೆ. ಕುರಿಗಾರರು ತಮ್ಮ ನಾಯಿಗಳನ್ನು ಕೂಡಿಹಾಕಿ ಪ್ರಾರ್ಥನೆಗೆ ಕೂರುತ್ತಿದ್ದರಂತೆ! ಮೊದಲ ಹತ್ತು ನಿಮಿಷ ನನ್ನ ಮನಸ್ಸು ಊರಿನ ಮನೆಯ ಬೀಗ, ಗ್ಯಾಸು, ಹಾಲಿನವನ ಲೆಕ್ಕ ಎಲ್ಲ ಸುತ್ತಿ ಬಂತು. ಅರ್ಧ ಗಂಟೆಯಾದ ಮೇಲೆ ಒಬ್ಬ ವಯಸ್ಸಾದ ಹೆಂಗಸು ಎದ್ದು, ಕಾಯಿಲೆಯ ನೆರೆಯವರ ಬಗ್ಗೆ ಮೂರು ನಾಲ್ಕು ವಾಕ್ಯ ಹೇಳಿ ಕೂತರು. ಮತ್ತೆ ಮೌನ. ಕೊನೆಗೆ ಪಕ್ಕದವರ ಕೈ ಕುಲುಕಿದರು, ಮುಗಿಯಿತು, ಚಹಾ ಬಂತು. ನಮ್ಮವರು ‘ಒಂದು ಗಂಟೆ ನೀನು ಮಾತಾಡದೆ ಕೂತದ್ದನ್ನ ಮದುವೆಯಾದ ಮೇಲೆ ಇವತ್ತೇ ನೋಡಿದ್ದು’ ಎಂದರು. ಎಲ್ಲ ಕಡೆಯೂ ಹೀಗೆ ಮೌನವಲ್ಲವಂತೆ. ಇಂದು ಕ್ವೇಕರರು ಬಹಳ ಇರುವುದು ಕೀನ್ಯಾದಲ್ಲಿ. ಅಲ್ಲಿ ಬೋಧಕರೂ ಇದ್ದಾರೆ, ಹಾಡೂ ಉಂಟು.

1931ರಲ್ಲಿ ದುಂಡುಮೇಜಿನ ಸಭೆಗೆ ಬಂದ ಗಾಂಧೀಜಿ ಬರ್ಮಿಂಗ್‌ಹ್ಯಾಮಿನ ವುಡ್‌ಬ್ರೂಕ್ ಎಂಬ ಕ್ವೇಕರ್ ವಿದ್ಯಾಕೇಂದ್ರಕ್ಕೆ ಹೋಗಿ ತಂಗಿದ್ದರು. ಅದಕ್ಕೆ ಮುಂಚಿನ ವರ್ಷ ಉಪ್ಪಿನ ಸತ್ಯಾಗ್ರಹಕ್ಕೆ ಮೊದಲು ವೈಸರಾಯರಿಗೆ ಅವರ ಕಾಗದ ಒಯ್ದು ಕೊಟ್ಟ ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ತರುಣ ಕ್ವೇಕರನೇ. 1928ರಲ್ಲಿ ಮದರಾಸಿಗೆ ಟೀಚರಾಗಿ ಬಂದು, ಶಾಂತಿನಿಕೇತನ, ಸೇವಾಗ್ರಾಮಗಳಲ್ಲಿ ದುಡಿದು, ನಮ್ಮ ಮಗ್ಗುಲ ನೀಲಗಿರಿಯ ಕೋಟಗಿರಿಯಲ್ಲಿ ಬಹಳ ವರ್ಷ ಇದ್ದ ಮಾರ್ಜರಿ ಸೈಕ್ಸ್ ಕೂಡ ಇವರವರೇ. ಯುದ್ಧಗಳಲ್ಲಿ ಬಂದೂಕು ಹಿಡಿಯದೆ ಗಾಯಾಳುಗಳಿಗೆ, ಹಸಿದವರಿಗೆ ಸೇವೆ ಮಾಡಿದ್ದಕ್ಕೆ 1947ರಲ್ಲಿ ಇವರ ಎರಡು ಸಂಸ್ಥೆಗಳಿಗೆ ನೊಬೆಲ್ ಶಾಂತಿ ಪಾರಿತೋಷಕ ಬಂತು.

ಹೋಗುವವರಿಗೆ ಎರಡು ಮಾತು. ಬೇಸಿಗೆಯಲ್ಲೂ ಆ ಕಡೆ ಮಳೆ, ಛತ್ರಿಗಿಂತ ರೈನ್‌ಕೋಟು ವಾಸಿ. ಮನೆ, ಕಸೂತಿ ಸಂಗ್ರಹಗಳು ತೆರೆದಿರುವ ದಿನ ವಿಚಾರಿಸಿಕೊಂಡೇ ಹೊರಡಿ. ಸ್ವಾರ್ತ್‌ಮೋರಿನ ಮನೆಯಿಂದ ಸ್ವಲ್ಪ ದೂರದಲ್ಲೇ ಫಾಕ್ಸ್ ಕೊಡಿಸಿದ ಸಭಾಮಂದಿರ ಇದೆ, ಬಾಗಿಲ ಮೇಲೆ 1688 ಎಂದು ಕೆತ್ತಿದೆ, ಅದನ್ನು ಬಿಡಬೇಡಿ. ಸಮಯವಿದ್ದರೆ ಬರ್ಕ್‌ರಿಗ್ ಎಂಬ ಗೋಮಾಳದ ಅಂಚಿನ ಸನ್‌ಬ್ರಿಕ್ ಸ್ಮಶಾನಕ್ಕೂ ಹೋಗಿ. ಮಾರ್ಗರೆಟ್ 1702ರಲ್ಲಿ ತೀರಿಕೊಂಡಾಗ ಮಣ್ಣು ಮಾಡಿದ್ದು ಅಲ್ಲಿ. ಕಲ್ಲಿನ ಗೋಡೆಯೊಳಗೆ ಬರೀ ಹುಲ್ಲು, ಒಂದು ಸಮಾಧಿಯ ಮೇಲೂ ಹೆಸರಿಲ್ಲ. ದೊಡ್ಡವರಿಗೊಂದು ಕಲ್ಲು, ಬಡವರಿಗೆ ಬರೀ ಮಣ್ಣು ಎಂಬ ಭೇದ ಬೇಡ ಎಂದು ಆಗ ಯಾರಿಗೂ ಕಲ್ಲು ನೆಡುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತರೆ ಕೆಳಗೆ ಕೊಲ್ಲಿಯ ಮರಳು ಪೂರ್ತಿ ಕಾಣುತ್ತದೆ.